ತರಗಿಗೆ ಬೆಂಕಿ ಹಚ್ಚುವ ಮುಂಚೆ: ಕೂಳೆ ಕಬ್ಬು ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ

ಕಬ್ಬು ಕಡಿದು, ಕೊನೆಯ ಲೋಡು ಹೊರಟ ದಿನ ಸಂಜೆ ಗದ್ದೆ ನೋಡಿದ್ದೀರಲ್ಲ? ಮೊಣಕಾಲುದ್ದ ತರಗು, ಅಂದರೆ ಕಬ್ಬಿನ ಒಣ ಎಲೆ. ಎಲ್ಲಿ ಕಾಲಿಟ್ಟರೂ ಪರಪರ ಸದ್ದು. ಸಾಲು ಯಾವುದು, ಕಾಲುವೆ ಯಾವುದು ಗೊತ್ತಾಗುವುದಿಲ್ಲ. ಆಗ ಯಾರಿಗಾದರೂ ಮೊದಲು ನೆನಪಾಗುವುದು ಬೆಂಕಿಪೊಟ್ಟಣ. ಒಂದು ಕಡ್ಡಿ ಗೀರಿದರೆ ಅರ್ಧ ಗಂಟೆಯಲ್ಲಿ ಗದ್ದೆ ಕ್ಲೀನ್, ಮಾರನೇ ದಿನವೇ ನೀರು ಕಟ್ಟಬಹುದು. ನಾವೂ ಹತ್ತು ಹನ್ನೆರಡು ವರ್ಷ ಹಾಗೇ ಮಾಡಿದೆವು.

ಮಂಡ್ಯ ಕಡೆಯವನು ನಾನು. ವಿಶ್ವೇಶ್ವರಯ್ಯ ನಾಲೆ ಕೆಳಗೆ ಎರಡೂವರೆ ಎಕರೆ, ಅದರಲ್ಲಿ ಎರಡು ಎಕರೆ ಹೆಚ್ಚುಕಡಿಮೆ ಯಾವಾಗಲೂ ಕಬ್ಬೇ. ತನಿ ಬೆಳೆ (ಹೊಸದಾಗಿ ನೆಟ್ಟ ಕಬ್ಬು) ಎಕರೆಗೆ 50 ಟನ್ ಹತ್ತಿರ ಬಂದರೆ ಮೊದಲ ಕೂಳೆ (ಕಡಿದ ಬುಡವೇ ಮತ್ತೆ ಚಿಗುರಿ ಬರುವ ಬೆಳೆ) 38ಕ್ಕೆ ಇಳಿಯುತ್ತಿತ್ತು, ಎರಡನೆಯದು 27. ಮೂರನೆಯದಂತೂ ಕಡಿಯುವವರ ಕೂಲಿಗೆ, ಲಾರಿ ಬಾಡಿಗೆಗೆ ಸರಿಹೋಯಿತು ಅನ್ನಿ. 'ಕೂಳೆ ಅಂದ್ರೆ ಅಷ್ಟೇ ಕಣಪ್ಪ' ಅಂತ ಊರಲ್ಲಿ ಎಲ್ಲರೂ ಹೇಳುತ್ತಿದ್ದರು, ನಾವೂ ನಂಬಿದ್ದೆವು. ಯೋಚನೆ ಮಾಡಿ ನೋಡಿ: ಕೂಳೆಗೆ ಉಳುಮೆ ಖರ್ಚಿಲ್ಲ, ಬಿತ್ತನೆ ಖರ್ಚಿಲ್ಲ, ನಾಟಿ ಕೂಲಿ ಇಲ್ಲ, ತನಿ ಬೆಳೆಗಿಂತ ಮುಂಚೆಯೇ ಕಟಾವಿಗೆ ಬರುತ್ತದೆ. ನಿಜವಾಗಿ ದುಡ್ಡು ಉಳಿಯಬೇಕಾದ್ದು ಅದರಲ್ಲೇ ಅಲ್ವಾ? ಅದರಲ್ಲೇ ಕಳೆದುಕೊಳ್ಳುತ್ತಿದ್ದೆವು.

ನನ್ನ ಅನುಭವದಲ್ಲಿ ಕೂಳೆ ಕೆಡುವುದು ಹನ್ನೊಂದು ತಿಂಗಳಲ್ಲಿ ಅಲ್ಲ, ಕಡಿದ ಮೊದಲ ಹದಿನೈದು ದಿನದಲ್ಲಿ. ಆ ಹದಿನೈದು ದಿನ ಏನು ಮಾಡಬೇಕು ಅನ್ನುವುದೇ ಈ ಬರಹ. ಬೆಳಗಾವಿ, ಬಾಗಲಕೋಟೆ ಕಡೆಯವರು ತರಗಿಗೆ ರವದಿ ಅನ್ನುತ್ತಾರೆ, ಹೆಸರು ಬೇರೆ, ಕೆಲಸ ಒಂದೇ.

ನಾನು ಬೆಂಕಿ ಬಿಟ್ಟಿದ್ದು ಜ್ಞಾನೋದಯವಾಗಿ ಏನಲ್ಲ. ಒಂದು ಫೆಬ್ರವರಿ ಮಧ್ಯಾಹ್ನ ಗಾಳಿ ನೋಡದೆ ಹಚ್ಚಿದೆ. ಬೆಂಕಿ ಬದು ಹಾರಿ ಪಕ್ಕದ ಗದ್ದೆಯ ಡ್ರಿಪ್ ಪೈಪುಗಳನ್ನೆಲ್ಲ ಬೆಣ್ಣೆ ಕರಗಿಸಿದ ಹಾಗೆ ಕರಗಿಸಿತು, ಬದುವಿನ ಮೇಲಿದ್ದ ಎರಡು ತೆಂಗಿನ ಸಸಿ ಸುಟ್ಟು ಕರಕಲಾದವು. ಪಕ್ಕದ ಗದ್ದೆಯ ಅಣ್ಣ ಜಗಳ ಆಡಲಿಲ್ಲ, ಸುಮ್ನೆ ನಿಂತು ನೋಡಿದರು. ಬೈದಿದ್ದರೆ ವಾಸಿ ಇತ್ತು. ಪೈಪಿನ ದುಡ್ಡು ಕೊಟ್ಟೆ, ಸಸಿ ತಂದು ನೆಟ್ಟುಕೊಟ್ಟೆ. ಮುಂದಿನ ವರ್ಷ ಹೆದರಿಕೆಗೆ ಬೆಂಕಿ ಹಚ್ಚಲಿಲ್ಲ. ಲಾಭ ಕಂಡಿದ್ದು ಆಮೇಲೆ.

ಬೆಂಕಿಯಲ್ಲಿ ಹೋಗುವುದೇನು

ಒಂದು ಎಕರೆ ಒಳ್ಳೆಯ ಕಬ್ಬಿನಲ್ಲಿ ಸುಮಾರು ಮೂರರಿಂದ ನಾಲ್ಕು ಟನ್ ಒಣ ತರಗು ಸಿಗುತ್ತದೆ. ಅದರಲ್ಲಿ ಸಾರಜನಕ ಶೇಕಡಾ ಅರ್ಧದ ಹತ್ತಿರ. ಲೆಕ್ಕ ಹಾಕಿ: ನಾಲ್ಕು ಟನ್ನಿಗೆ 16ರಿಂದ 20 ಕೆಜಿ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಇರುವುದು 20.7 ಕೆಜಿ ಸಾರಜನಕ. ಅಂದರೆ ಕಡ್ಡಿ ಗೀರಿದಾಗಲೆಲ್ಲ ಎಕರೆಗೆ ಹತ್ತಿರ ಹತ್ತಿರ ಒಂದು ಚೀಲ ಯೂರಿಯಾಕ್ಕೆ ಬೆಂಕಿ ಇಟ್ಟ ಹಾಗೆ.

'ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತಲ್ಲ' ಅಂತ ವಾದ ಮಾಡುವವರಿದ್ದಾರೆ. ಉಳಿಯುತ್ತದೆ, ಸುಳ್ಳಲ್ಲ. ಆದರೆ ಆ ಬೂದಿ ಗಾಳಿಗೆ ಅರ್ಧ ಹಾರಿ, ಮೊದಲ ನೀರಿಗೆ ಇನ್ನರ್ಧ ಗದ್ದೆಯ ಒಂದು ಮೂಲೆಗೆ ಹೋಗಿ ಸೇರುತ್ತದೆ. ಸಾರಜನಕ ಮಾತ್ರ ಹೊಗೆಯಾಗಿ ಹೋಗಿಬಿಡುತ್ತದೆ. ಗೊಬ್ಬರದ ಲೆಕ್ಕ ಬಿಡಿ, ಅದನ್ನು ಅಂಗಡಿಯಲ್ಲಿ ತರಬಹುದು. ಮಣ್ಣಿನ ಸಾವಯವ ಅಂಶ ಯಾವ ಅಂಗಡಿಯಲ್ಲಿ ಸಿಗುತ್ತದೆ? ಕೊಟ್ಟಿಗೆ ಗೊಬ್ಬರ ಒಂದು ಟ್ರ್ಯಾಕ್ಟರ್ ತರಿಸಲು ಈಗ ಎಷ್ಟು ಕೇಳುತ್ತಾರೆ ಅಂತ ನಿಮಗೇ ಗೊತ್ತು. ದನ ಕಡಿಮೆಯಾದ ಮೇಲೆ ಗೊಬ್ಬರವೂ ಇಲ್ಲ. ಕಬ್ಬಿನ ಗದ್ದೆಗೆ ತರಗೇ ಗೊಬ್ಬರ, ಅದೂ ಹೊರುವ ಕೂಲಿ ಇಲ್ಲದೆ ಅಲ್ಲೇ ಬಿದ್ದಿರುವ ಗೊಬ್ಬರ.

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಬೆಂಕಿ ಬುಡದ ಮೇಲಿನ ಕಣ್ಣುಗಳನ್ನೂ ಸುಡುತ್ತದೆ. ಸುಟ್ಟ ಗದ್ದೆಯಲ್ಲಿ ಚಿಗುರು ಒಂದೇ ಸಮ ಬರದೆ ಅಲ್ಲೊಂದು ಇಲ್ಲೊಂದು ಬರುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ಕಬ್ಬಿನ ಶತ್ರುಗಳನ್ನು ತಿನ್ನುವ ಹುಳುಗಳೂ ಹೋಗುತ್ತವೆ. 2002ರಲ್ಲಿ ಬೆಳಗಾವಿ, ಸಾಂಗ್ಲಿ ಕಡೆ ಬಿಳಿ ಉಣ್ಣೆ ಹೇನು ಬಂದು ಗದ್ದೆಗೆ ಗದ್ದೆಯೇ ಬೆಳ್ಳಗೆ, ಆಮೇಲೆ ಕಪ್ಪಗೆ ಆಗಿದ್ದು ಹಿರಿಯರಿಗೆ ನೆನಪಿರುತ್ತದೆ. ಅದನ್ನು ಹತೋಟಿಗೆ ತಂದಿದ್ದು ಔಷಧಿಗಿಂತ ಹೆಚ್ಚಾಗಿ ಡೈಫಾ, ಮೈಕ್ರೋಮಸ್ ಅನ್ನುವ ಪರಭಕ್ಷಕ ಹುಳುಗಳು.

ಕೂಳೆ ಬಿಡಬೇಕಾ ಬೇಡವಾ, ಮೊದಲು ಅದನ್ನು ನೋಡಿ

ಎಲ್ಲ ಗದ್ದೆಯಲ್ಲೂ ಕೂಳೆ ಬಿಡಬಾರದು. ಕಡಿಯುವ ತಿಂಗಳು ಮುಂಚೆ ಒಂದು ಸುತ್ತು ಒಳಗೆ ಹೋಗಿ ಬನ್ನಿ, ಬದುವಿನ ಮೇಲೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಒಣಗಿದ ಜಲ್ಲೆ ಸಿಕ್ಕರೆ ಉದ್ದಕ್ಕೆ ಸೀಳಿ. ಒಳಗೆ ಕೆಂಪಗಾಗಿ, ಮಧ್ಯೆ ಮಧ್ಯೆ ಅಡ್ಡಕ್ಕೆ ಬಿಳಿ ಪಟ್ಟಿ ಇದ್ದು, ಹೆಂಡದ ಥರ ಹುಳಿ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ಅಂಥ ಗದ್ದೆಯಲ್ಲಿ ಕೂಳೆ ಬೇಡವೇ ಬೇಡ. ಸುಳಿಯಿಂದ ಚಾಟಿ ಥರ ಕಪ್ಪು ಕಡ್ಡಿ ಹೊರಟಿದ್ದರೆ ಕಾಡಿಗೆ ರೋಗ. ಬುಡದಲ್ಲಿ ಬಿಳಿಚಿದ ಸಣ್ಣ ಹುಲ್ಲಿನಂಥ ಮರಿಗಳು ಗುಂಪು ಗುಂಪಾಗಿದ್ದರೆ ಹುಲ್ಲು ಜಡೆ ರೋಗ. ಇವೆರಡೂ ಒಂದೋ ಎರಡೋ ಬುಡ ಇದ್ದರೆ ಕಿತ್ತು ಗದ್ದೆಯಿಂದ ಹೊರಗೆ ತಂದು ಸುಡಿ. ಬೆಂಕಿ ನನಗೆ ಆಗುವುದೇ ಇಲ್ಲ ಅಂತಲ್ಲ, ಅದಕ್ಕೆ ಸರಿಯಾದ ಜಾಗ ಇದು. ಕಾಡಿಗೆಯ ಕಡ್ಡಿಯನ್ನು ಮಾತ್ರ ಮೊದಲು ಪ್ಲಾಸ್ಟಿಕ್ ಚೀಲಕ್ಕೆ ತೂರಿಸಿಕೊಂಡು ಮುರಿಯಿರಿ, ಇಲ್ಲದಿದ್ದರೆ ಆ ಕಪ್ಪು ಪುಡಿ ಗದ್ದೆಯೆಲ್ಲ ಹಾರುತ್ತದೆ.

ಹಾಗೇ ಒಂದು ಸಾಲಿನಲ್ಲಿ ನೂರು ಅಡಿ ನಡೆದು, ಎರಡು ಅಡಿಗಿಂತ ಜಾಸ್ತಿ ಖಾಲಿ ಇರುವ ಜಾಗ ಎಷ್ಟು ಅಂತ ಕೂಡಿಸಿ. ಮೂರನೇ ಒಂದು ಭಾಗ ಖಾಲಿ ಇದ್ದರೆ ನಾನಾದರೆ ಕಿತ್ತು ಹಾಕುತ್ತೇನೆ. ಖಾಲಿ ಜಾಗಕ್ಕೂ ನೀರು, ಗೊಬ್ಬರ ಕೊಟ್ಟು ಕಳೆ ಬೆಳೆಯುವುದು ಯಾಕೆ?

ತಳಿಯೂ ಲೆಕ್ಕಕ್ಕೆ ಬರುತ್ತದೆ. ಕೋ 86032 ಕೂಳೆಗೆ ಒಳ್ಳೆಯದು, ನಮ್ಮ ಅನುಭವವೂ ಅದೇ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ ಬಂದ ವಿಸಿಎಫ್ 0517 ಈಗ ನಮ್ಮ ಕಡೆ ಸುಮಾರು ಜನ ಹಾಕುತ್ತಿದ್ದಾರೆ. ಉತ್ತರ ಕರ್ನಾಟಕದ ಸವಳು (ಉಪ್ಪೇರಿದ) ನೆಲಕ್ಕೆ 265 ಅನ್ನುವ ತಳಿ ತಡೆಯುತ್ತದೆ ಅನ್ನುತ್ತಾರೆ, ಅಲ್ಲಿ ಅದನ್ನು ಜಾಸ್ತಿ ಬೆಳೆಯುವುದೂ ಅದಕ್ಕೇ.

ಕಡಿಯುವ ದಿನ ಗದ್ದೆ ಬಿಟ್ಟು ಎಲ್ಲೂ ಹೋಗಬೇಡಿ

ಕೂಳೆಯ ಮೊದಲ ಕೆಲಸ ಕಡಿಯುವವರ ಕೈಯಲ್ಲಿರುತ್ತದೆ. ಜಲ್ಲೆಯನ್ನು ನೆಲಕ್ಕೆ ಸಮನಾಗಿ ಕಡಿಯಬೇಕು. ಅವರಿಗೆ ಟನ್ ಲೆಕ್ಕದ ಕೂಲಿ, ಬೆನ್ನು ಬಗ್ಗಿಸಿದಷ್ಟೂ ನೋವು, ಮಧ್ಯಾಹ್ನ ಆಗುತ್ತಿದ್ದ ಹಾಗೆ ಮಚ್ಚು ಮೇಲೆ ಮೇಲೆ ಹೋಗುತ್ತದೆ. ತಪ್ಪು ಅವರದು ಅಂತಲೂ ಹೇಳಲಾರೆ. ಆದರೆ ಲೆಕ್ಕ ನೋಡಿ: ಎಂಟು ಅಡಿ ಜಲ್ಲೆ ಅಂದರೆ 96 ಇಂಚು. ಮೂರು ಇಂಚು ಬುಡದಲ್ಲೇ ಬಿಟ್ಟರೆ ಶೇಕಡಾ ಮೂರು ಹೋಯಿತು. 40 ಟನ್ ಬೆಳೆಯಲ್ಲಿ ಅದು ಒಂದೂಕಾಲು ಟನ್. ಬುಡದ ಗೆಣ್ಣು ದಪ್ಪ ಇರುತ್ತದೆ, ಹಾಗಾಗಿ ನಿಜವಾಗಿ ಇನ್ನೂ ಸ್ವಲ್ಪ ಜಾಸ್ತಿಯೇ. ಸಕ್ಕರೆ ಅಂಶ ಹೆಚ್ಚಿರುವುದೂ ಬುಡದಲ್ಲೇ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ (ಕಾರ್ಖಾನೆ ಕೊಡಬೇಕಾದ ಕನಿಷ್ಠ ಬೆಲೆ) ಟನ್ನಿಗೆ 3,550 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇಕಡಾ 10.25 ಇದ್ದರೆ. ಸಾಗಣೆ, ಕಟಾವು ಕಳೆದು ಕೈಗೆ ಬರುವುದು ಕಡಿಮೆಯೇ, ಆದರೂ ಗದ್ದೆಯಲ್ಲಿ ಬಿಟ್ಟು ಬರುವ ದುಡ್ಡು ಅದು.

ಕೂಳೆಗೆ ಆಗುವ ನಷ್ಟ ಬೇರೆ. ಎತ್ತರಕ್ಕೆ ಕಡಿದ ಬುಡದಲ್ಲಿ ಮೇಲಿನ ಕಣ್ಣು ಮೊದಲು ಒಡೆಯುತ್ತದೆ. ಅದಕ್ಕೆ ಮಣ್ಣಿನಲ್ಲಿ ಸ್ವಂತ ಬೇರು ಇರುವುದಿಲ್ಲ, ಸಣಕಲಾಗಿ ಬೆಳೆದು ಗಾಳಿಗೆ ಬೀಳುತ್ತದೆ. ಮಣ್ಣೊಳಗಿನ ಕಣ್ಣಿನಿಂದ ಬಂದ ಚಿಗುರು ದಪ್ಪಗಿರುತ್ತದೆ, ತನ್ನದೇ ಬೇರು ಬಿಡುತ್ತದೆ. ಬೇಕಾದ್ದು ಅದು.

ಎರಡು ವರ್ಷದ ಹಿಂದೆ ಬಳ್ಳಾರಿ ಕಡೆಯಿಂದ ಬಂದ ತಂಡದ ಮೇಸ್ತ್ರಿ ಹತ್ತಿರ, 'ಅಣ್ಣಾ, ಬುಡಕ್ಕೆ ಕಡಿದು, ತರಗನ್ನ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎಳೆದು ಕೊಟ್ಟರೆ ಟನ್ನಿಗೆ ಇಷ್ಟು ಮೇಲೆ ಕೊಡ್ತೀನಿ' ಅಂತ ಮೊದಲೇ ಮಾತಾಡಿಕೊಂಡೆ. 'ಮೊದಲೇ ಹೇಳಿದ್ರಿ, ಚಲೋ ಆತು ಬಿಡ್ರಿ' ಅಂದರು. ಕಡಿದು ಮುಗಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ಊಟದ ಜೊತೆ ಮಜ್ಜಿಗೆ ಕೊಟ್ಟಿದ್ದೂ ಕೆಲಸ ಮಾಡಿತು ಅಂತ ನನ್ನ ಗುಮಾನಿ.

ಮಳೆಗಾಲದಲ್ಲಿ ಕಡಿಯುವವರಿಗೆ ಇನ್ನೊಂದು ಮಾತು. ನಮ್ಮ ಕಡೆ ಜುಲೈ, ಆಗಸ್ಟ್‌ನಲ್ಲೇ ಕಾರ್ಖಾನೆ ಶುರುವಾಗುತ್ತದಲ್ಲ, ಆಗ ಒದ್ದೆ ಗದ್ದೆಗೆ ಲೋಡಿನ ಟ್ರ್ಯಾಕ್ಟರ್ ಇಳಿಸಿದರೆ ಚಕ್ರ ಹೋದ ಕಡೆ ಬುಡ ಜಜ್ಜಿಹೋಗುತ್ತದೆ, ಮಣ್ಣು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಆ ಪಟ್ಟೆಯಲ್ಲಿ ಮುಂದಿನ ಎರಡು ಕೂಳೆಯೂ ಕುಂಟುತ್ತದೆ. ಬದುವಿನವರೆಗೆ ಹೊರಿಸಿ, ಅಥವಾ ಒಂದೇ ದಾರಿಯಲ್ಲಿ ಗಾಡಿ ಓಡಾಡುವಂತೆ ನೋಡಿಕೊಳ್ಳಿ.

ತರಗು ಎಳೆಯುವುದು, ಕೊಳೆಸುವುದು

ತರಗು ಬಿಟ್ಟರೆ ಚಿಗುರು ಮುಚ್ಚಿಹೋಗುತ್ತದೆ, ನೀರು ಹೋಗುವುದಿಲ್ಲ ಅನ್ನುವುದು ಎಲ್ಲರ ತಕರಾರು. ಹರಡಿದ ಹಾಗೇ ಬಿಟ್ಟರೆ ನಿಜ. ಅದಕ್ಕೇ ಒಂದು ಕಾಲುವೆ ಬಿಟ್ಟು ಒಂದು ಕಾಲುವೆಗೆ ಎಳೆಯಬೇಕು. ಮೊದಲ ಕಾಲುವೆಯ ತರಗನ್ನೆಲ್ಲ ಎರಡನೆಯದಕ್ಕೆ ತುಂಬಿ, ಮೂರನೆಯದನ್ನು ನಾಲ್ಕನೆಯದಕ್ಕೆ. ಖಾಲಿ ಕಾಲುವೆಯಲ್ಲಿ ನೀರು ಹರಿಯುತ್ತದೆ, ಪಕ್ಕದ ತುಂಬಿದ ಕಾಲುವೆಗೆ ಒಳಗೊಳಗೇ ತಂಪು ಹೋಗುತ್ತದೆ. ಬುಡದ ನೆತ್ತಿಯ ಮೇಲೆ ಮಾತ್ರ ತರಗು ಇರಬಾರದು, ಅದಕ್ಕೆ ಬಿಸಿಲು ಬೇಕು. ಇಬ್ಬರು ಆಳು, ಒಂದೊಂದು ಉದ್ದನೆಯ ಕವೆಗೋಲು ಇದ್ದರೆ ಎರಡು ದಿನದ ಕೆಲಸ. ಬೆಳಿಗ್ಗೆ ಮಂಜು ಇರುವಾಗ ಎಳೆಯಿರಿ, ತರಗು ಮೆತ್ತಗಿರುತ್ತದೆ, ಕೈ ಕೊಯ್ಯುವುದಿಲ್ಲ. ಮುಂದಿನ ವರ್ಷ ಕಾಲುವೆ ಅದಲು ಬದಲು.

ಸಾಲಿನ ಅಂತರ ನಾಲ್ಕು ಅಡಿಗಿಂತ ಜಾಸ್ತಿ ಇದ್ದರೆ ಟ್ರ್ಯಾಕ್ಟರಿಗೆ ಕಟ್ಟುವ ತರಗು ಪುಡಿ ಮಾಡುವ ಯಂತ್ರ ಓಡಿಸಬಹುದು. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯಾ ಕೇಳಿ. ಪುಡಿ ಮಾಡಿದ ತರಗು ಬೇಗ ಕರಗುತ್ತದೆ, ಎಳೆಯುವ ಗೋಳಿಲ್ಲ. ಎರಡೂವರೆ ಅಡಿ ಸಾಲಿನ ನಮ್ಮ ಹಳೇ ಗದ್ದೆಗೆ ಅದು ಇಳಿಯುತ್ತಿರಲಿಲ್ಲ, ಕವೆಗೋಲೇ ಗತಿ.

ಈಗ ಮುಖ್ಯವಾದ ಹೆಜ್ಜೆ, ಮೊದಲ ವರ್ಷ ನಾನು ಬಿಟ್ಟು ಕೆಟ್ಟಿದ್ದು. ತರಗಿನ ಮೇಲೆ ಎಕರೆಗೆ ಒಂದು ಚೀಲ ಯೂರಿಯಾ, 40ರಿಂದ 50 ಕೆಜಿ ಸೂಪರ್ ಫಾಸ್ಫೇಟ್ ಎರಚಬೇಕು. ತರಗು ಕೊಳೆಸುವ ಜೀವಾಣು ಪುಡಿ ನಾಲ್ಕು ಕೆಜಿಯಷ್ಟನ್ನು ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ ಎರಚಬೇಕು, ಪುಡಿ ಸಿಗದಿದ್ದರೆ ಸಗಣಿ ಬಗ್ಗಡವಾದರೂ ಸರಿ. ಆಮೇಲೆ ತರಗಿನ ಮೇಲೆ ಅಲ್ಲಲ್ಲಿ ಒಂದು ಸಲಿಕೆ ಮಣ್ಣು ಹಾಕಿ ನೀರು ಕೊಡಿ. ಯಾಕೆ ಅಂದರೆ ಒಣ ತರಗಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಬಹಳ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹೊಟ್ಟೆಗೆ ಸಾಲದೆ ಮಣ್ಣಿನಲ್ಲಿದ್ದ ಸಾರಜನಕಕ್ಕೆ ಕೈ ಹಾಕುತ್ತವೆ. ಅದು ಕಬ್ಬಿನ ಪಾಲು. ನಾನು ಯೂರಿಯಾ ಹಾಕದೆ ಬರೀ ತರಗು ಬಿಟ್ಟ ವರ್ಷ, ಒಂದೂವರೆ ತಿಂಗಳಿಗೆ ಗದ್ದೆಯೆಲ್ಲ ಅರಿಶಿನ ಬಳಿದ ಹಾಗೆ ಹಳದಿಯಾಯಿತು. 'ಪುಸ್ತಕ ಓದಿ ಬೇಸಾಯ ಮಾಡಿದ್ರೆ ಹಿಂಗೇ' ಅಂತ ಹಾದಿಯಲ್ಲಿ ಹೋಗುವವರೆಲ್ಲ ಹೇಳಿ ಹೋದರು. ಆ ವರ್ಷ ಬೆಂಕಿ ಇಟ್ಟವರ ಕಬ್ಬೇ ಚೆನ್ನಾಗಿತ್ತು, ಒಪ್ಪಿಕೊಳ್ಳುತ್ತೇನೆ. ಬಹಳ ಜನ ಒಂದು ವರ್ಷ ತರಗು ಬಿಟ್ಟು ಮತ್ತೆ ಬೆಂಕಿಗೆ ಹೋಗುವುದು ಇಲ್ಲೇ.

ಎಚ್ಚರದ ಮಾತುಗಳೂ ಇವೆ. ತರಗು ಇದ್ದರೆ ಇಲಿ ಜಾಸ್ತಿ, ಅದು ನಿಜ. ಬದು ಸವರಿ, ಬಿಲ ಮುಚ್ಚಿ, ಬೋನು ಇಡಬೇಕು. ಯಾವಾಗಲೂ ನೀರು ನಿಲ್ಲುವ ತಗ್ಗಿನ ಗದ್ದೆಯಲ್ಲಿ ದಪ್ಪಗೆ ತರಗು ಹಾಕಿದರೆ ನೆಲ ಆರುವುದೇ ಇಲ್ಲ, ಬೇರು ಕೊಳೆಯುತ್ತದೆ. ಅಂಥ ಕಡೆ ಅರ್ಧ ತರಗು ಹೊರಗೆ ತಂದು ಗುಂಡಿಯಲ್ಲಿ ಕಾಂಪೋಸ್ಟ್ ಮಾಡಿ. ಕೊನೆಯದಾಗಿ, ನೀವು ಬೆಂಕಿ ಇಡದಿದ್ದರೂ ಪಕ್ಕದವರು ಇಡುತ್ತಾರೆ. ಬದುವಿನ ಸುತ್ತ ಆರಡಿ ಜಾಗದಲ್ಲಿ ಒಂದು ಕಡ್ಡಿ ತರಗೂ ಇರದಂತೆ ಎಳೆದುಬಿಡಿ.

ಬುಡ ಸವರಿ, ಮಗ್ಗುಲು ಒಡೆದು

ಎಷ್ಟು ಹೇಳಿದರೂ ಒಂದಿಷ್ಟು ಬುಡ ಎತ್ತರ ಉಳಿದೇ ಇರುತ್ತದೆ. ಕಡಿದ ವಾರದೊಳಗೆ ಚೂಪಾದ ಮಚ್ಚಿನಿಂದ ನೆಲಕ್ಕೆ ಸಮ ಸವರಿ. ಮೊಂಡು ಮಚ್ಚು ಬೇಡ, ಬುಡ ಸೀಳಿದರೆ ನೀರು, ರೋಗ ಎರಡೂ ಒಳಗೆ ಇಳಿಯುತ್ತವೆ. ಹದಿನೈದು ದಿನ ಬಿಟ್ಟು ಸವರಲು ಹೋದರೆ ಬಂದ ಚಿಗುರನ್ನೇ ಕತ್ತರಿಸಿದ ಹಾಗಾಗುತ್ತದೆ, ಆಗ ಸುಮ್ನೆ ಬಿಟ್ಟುಬಿಡುವುದೇ ವಾಸಿ. ಸವರಿದ ದಿನವೇ ಲೀಟರ್ ನೀರಿಗೆ ಒಂದು ಗ್ರಾಂ ಕಾರ್ಬೆಂಡಜಿಮ್ (ಶಿಲೀಂಧ್ರನಾಶಕ) ಕಲಸಿ ಬುಡದ ಮೇಲೆ ಸಿಂಪಡಿಸಿ.

ಖಾಲಿ ಬಿಟ್ಟ ಕಾಲುವೆಯ ಕಡೆಯಿಂದ ನೇಗಿಲು ಹೊಡೆದು ಬುಡದ ಮಗ್ಗುಲು ಒಡೆದರೆ ಹಳೇ ಬೇರು ಕತ್ತರಿಸಿ ಹೊಸ ಬೇರು ಬರುತ್ತದೆ. ತರಗು ತುಂಬಿದ ಕಡೆ ನೇಗಿಲು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಗೊಬ್ಬರ: ಎರಚಬೇಡಿ, ಹಾರೆ ಹಾಕಿ

ತನಿ ಬೆಳೆಗೆ ಹೆಕ್ಟೇರಿಗೆ 250 ಕೆಜಿ, ಅಂದರೆ ಎಕರೆಗೆ 100 ಕೆಜಿ ಸಾರಜನಕ ಅಂತ ಶಿಫಾರಸು. ಕೂಳೆಗೆ ಅದರ ಕಾಲು ಭಾಗ ಜಾಸ್ತಿ ಬೇಕು, 125 ಕೆಜಿ. ಯೂರಿಯಾ ಲೆಕ್ಕದಲ್ಲಿ ಆರು ಚೀಲ. ನಮ್ಮ ಜನ ಉಲ್ಟಾ ಮಾಡುತ್ತಾರೆ, ಕೂಳೆ ತಾನೇ ಅಂತ ಅರ್ಧ ಹಾಕುತ್ತಾರೆ. ಆರರಲ್ಲಿ ಒಂದು ಚೀಲ ತರಗಿಗೆ ಹೋಯಿತು, ಉಳಿದ ಐದನ್ನು ಎರಡು ಕಂತು ಮಾಡಿ. ಡಿಎಪಿ ಹಾಕುವವರು ಚೀಲಕ್ಕೆ ಒಂಬತ್ತು ಕೆಜಿ ಸಾರಜನಕ ಅದರಿಂದಲೂ ಬರುತ್ತದೆ ಅಂತ ಲೆಕ್ಕ ಹಿಡಿದು ಯೂರಿಯಾ ಕಡಿಮೆ ಮಾಡಿಕೊಳ್ಳಿ. ರಂಜಕ, ಪೊಟ್ಯಾಷ್ ತನಿ ಬೆಳೆಯಷ್ಟೇ, ಮಣ್ಣು ಪರೀಕ್ಷೆ ಚೀಟಿ ಇದ್ದರೆ ಅದರಂತೆ.

ತರಗಿನ ಗದ್ದೆಯಲ್ಲಿ ಗೊಬ್ಬರ ಎರಚಿದರೆ ತರಗಿನ ಮೇಲೇ ಉಳಿಯುತ್ತದೆ. ಅದಕ್ಕೆ ಮಹಾರಾಷ್ಟ್ರದವರು ಹಾರೆ ಪದ್ಧತಿ ಮಾಡುತ್ತಾರೆ, ನಾನು ಕಲಿತಿದ್ದೂ ಅದನ್ನೇ. ಬುಡದಿಂದ ಅರ್ಧ ಅಡಿ ದೂರ, ಅರ್ಧ ಅಡಿ ಆಳ, ಅಡಿಗೊಂದು ತೂತು. ಒಬ್ಬರು ಹಾರೆ ಕುಕ್ಕುತ್ತಾ ಹೋದರೆ ಹಿಂದೆ ಇನ್ನೊಬ್ಬರು ಗೊಬ್ಬರ ಬಿಟ್ಟು ಕಾಲಲ್ಲಿ ಮಣ್ಣು ತಳ್ಳುತ್ತಾ ಬರುತ್ತಾರೆ. ಕಡಿದ ಹದಿನೈದು ದಿನದೊಳಗೆ ಅರ್ಧ ಗೊಬ್ಬರ ಸಾಲಿನ ಒಂದು ಮಗ್ಗುಲಿಗೆ, ನಾಲ್ಕೂವರೆ ತಿಂಗಳಿಗೆ ಉಳಿದರ್ಧ ಇನ್ನೊಂದು ಮಗ್ಗುಲಿಗೆ. ನಮ್ಮನೆಯವರು ಮತ್ತು ನಾನು ಸೇರಿ ದಿನಕ್ಕೆ ಕಾಲು ಎಕರೆ ಮುಗಿಸುತ್ತೇವೆ, ಸಂಜೆ ಹೊತ್ತಿಗೆ ಭುಜ ಹಿಡಿದುಕೊಂಡಿರುತ್ತದೆ. ಆದರೆ ಗೊಬ್ಬರ ಬೇರಿನ ಬಾಯಿಗೇ ಬೀಳುತ್ತದೆ, ಕಳೆಗೆ ಸಿಗುವುದಿಲ್ಲ. ಐದು ತಿಂಗಳು ದಾಟಿದ ಮೇಲೆ ಯೂರಿಯಾ ಹಾಕಬೇಡಿ. ಕಬ್ಬು ಹಸಿರಾಗಿ ಕಾಣುತ್ತದೆ ಅಷ್ಟೇ, ಬೀಳುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ.

ಕೂಳೆಯಲ್ಲಿ ಎಳೆ ಎಲೆ ಪೂರ್ತಿ ಬಿಳಿಚಿಕೊಂಡು, ನರ ಮಾತ್ರ ಹಸಿರು ಉಳಿದಿದ್ದರೆ ಅದು ಯೂರಿಯಾ ಕೊರತೆ ಅಲ್ಲ, ಕಬ್ಬಿಣದ್ದು. ಸುಣ್ಣದ ಅಂಶ ಇರುವ ಕಪ್ಪು ನೆಲದಲ್ಲಿ ಜಾಸ್ತಿ. ಲೀಟರ್‌ಗೆ ಐದು ಗ್ರಾಂ ಫೆರಸ್ ಸಲ್ಫೇಟ್ ಕಲಸಿ ವಾರಕ್ಕೊಮ್ಮೆ ಎರಡು ಮೂರು ಸಲ ಹೊಡೆದರೆ ಹಸಿರಾಗುತ್ತದೆ.

ಖಾಲಿ ಜಾಗ ತುಂಬುವುದನ್ನು ತಿಂಗಳೊಳಗೆ ಮುಗಿಸಿ. ಕಟಾವಿನ ದಿನವೇ ಟ್ರೇಯಲ್ಲಿ ಒಂದು ಕಣ್ಣಿನ ತುಂಡು ಹಾಕಿಟ್ಟರೆ ಸರಿಯಾದ ಹೊತ್ತಿಗೆ ಸಸಿ ಕೈಯಲ್ಲಿರುತ್ತದೆ. ತುಂಡನ್ನೇ ನೇರ ನೆಟ್ಟರೆ ಪಕ್ಕದ ಕೂಳೆ ಅಷ್ಟರಲ್ಲಿ ಎದ್ದು ನೆರಳು ಮಾಡಿ ಅದನ್ನು ಮೇಲೇಳಲು ಬಿಡುವುದಿಲ್ಲ.

ನೀರು

ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನಾಲೆಗೆ ನೀರು ಬಿಡುವ ಊರಿನವರಿಗೆ ಇದು ಅರ್ಥವಾಗುತ್ತದೆ. ನೀರು ಬಂದಾಗ ಮತ್ತೆ ಯಾವಾಗಲೋ ಅಂತ ಗದ್ದೆ ತುಂಬ ಕಟ್ಟುತ್ತೇವೆ, ನಿಂತ ಮೇಲೆ ಹದಿನೈದು ದಿನ ಆಕಾಶ ನೋಡುತ್ತೇವೆ. 2023ರಲ್ಲಿ ಮಳೆ ಕೈಕೊಟ್ಟು ಕಾವೇರಿ ಗಲಾಟೆ ಆದ ವರ್ಷ ತರಗಿನ ಬೆಲೆ ನನಗೆ ಸರಿಯಾಗಿ ಗೊತ್ತಾಯಿತು. ನಾಲೆ ನೀರು ಬರುವುದು ನಿಂತ ಹನ್ನೆರಡನೇ ದಿನ ತರಗು ಸರಿಸಿ ಮಣ್ಣು ಹಿಡಿದೆ, ಉಂಡೆ ಕಟ್ಟಿತು. ಬದುವಿನಾಚೆ ಸುಟ್ಟ ಗದ್ದೆಯ ಮಣ್ಣು ಬೆರಳ ಸಂದಿಯಲ್ಲಿ ಪುಡಿಯಾಗಿ ಉದುರಿತು. ಎಷ್ಟು ದಿನಕ್ಕೊಮ್ಮೆ ನೀರು ಅಂತ ಕ್ಯಾಲೆಂಡರ್ ನೋಡಬೇಡಿ, ಹೀಗೆ ಅರ್ಧ ಅಡಿ ಆಳದ ಮಣ್ಣು ಹಿಡಿದು ನೋಡಿ. ಉಂಡೆ ಕಟ್ಟಿದರೆ ಇನ್ನೂ ಬೇಡ.

ನೀರು ಜಾಸ್ತಿ ಇರುವುದೂ ರೋಗವೇ. ಕೃಷ್ಣಾ, ಘಟಪ್ರಭಾ ಬಯಲಿನ ಕಪ್ಪು ನೆಲದಲ್ಲಿ ವರ್ಷಗಟ್ಟಲೆ ನೀರು ನಿಲ್ಲಿಸಿ ಕಬ್ಬು ಬೆಳೆದು ಸವಳು ಎದ್ದಿರುವುದನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಮೇಲೆ ಬಿಳಿ ಪುಡಿ ಕಂಡ ತಕ್ಷಣ ಜಿಪ್ಸಂ ತರಲು ಓಡಬೇಡಿ. ಬರೀ ಉಪ್ಪಿನ ಸವಳಿಗೆ ಜಿಪ್ಸಂ ಏನೂ ಮಾಡುವುದಿಲ್ಲ, ಮೊದಲು ಬಸಿಗಾಲುವೆ ತೆಗೆದು ಉಪ್ಪು ತೊಳೆದು ಹೋಗಲು ದಾರಿ ಮಾಡಬೇಕು. ಸೋಡಿಯಂ ಜಾಸ್ತಿ ಇರುವ ಕ್ಷಾರ ಮಣ್ಣಿಗೆ ಮಾತ್ರ ಜಿಪ್ಸಂ, ಅದಕ್ಕೂ ಬಸಿಗಾಲುವೆ ಇರಲೇಬೇಕು. ಯಾವುದು ಅಂತ ಮಣ್ಣು ಪರೀಕ್ಷೆಯೇ ಹೇಳಬೇಕು, ಕಣ್ಣಿಗೆ ಗೊತ್ತಾಗುವುದಿಲ್ಲ.

ಹುಳು

ಎಳೆ ಕೂಳೆಯಲ್ಲಿ ಸುಳಿ ಒಣಗಿದ್ದು ಕಂಡರೆ ಹಿಡಿದು ಎಳೆಯಿರಿ. ಸಲೀಸಾಗಿ ಕೈಗೆ ಬಂದು ಕೊಳೆತ ನಾತ ಬಂದರೆ ಸುಳಿ ಕೊರಕ. ತರಗು ಹೊದಿಸಿದ ಗದ್ದೆಯಲ್ಲಿ ಇದು ಕಡಿಮೆ, ನೆಲ ತಂಪಿರುವುದು ಅದಕ್ಕೆ ಆಗಿಬರುವುದಿಲ್ಲ. ಟ್ರೈಕೋಗ್ರಾಮ ಕಾರ್ಡು (ಕೊರಕದ ಮೊಟ್ಟೆ ನಾಶ ಮಾಡುವ ಪುಟ್ಟ ಕಣಜಗಳು ಹೊರಬರುವ ಕಾರ್ಡು) ಕಟ್ಟಿದರೆ ಸಂಜೆ ಕಟ್ಟಿ, ಕಟ್ಟಿದ ವಾರ ಯಾವ ಔಷಧಿಯನ್ನೂ ಹೊಡೆಯಬೇಡಿ.

ಗೊಣ್ಣೆ ಹುಳು ಬೇರೆ ಕಥೆ. ಕಬ್ಬು ಒಣಗಿದ್ದು ಕಾಣುವ ಹೊತ್ತಿಗೆ ಬೇರು ತಿಂದು ಮುಗಿಸಿರುತ್ತದೆ, ಬುಡ ಹಿಡಿದು ಎಳೆದರೆ ಮೂಲಂಗಿ ಥರ ಎದ್ದು ಬರುತ್ತದೆ. ಅದನ್ನು ಹಿಡಿಯಬೇಕಾದ್ದು ದುಂಬಿ ಆಗಿರುವಾಗ. ಮುಂಗಾರಿಗೆ ಮುಂಚೆ ಮೊದಲ ಮಳೆ ಬಿದ್ದ ಸಂಜೆ, ಕತ್ತಲಾಗುವ ಹೊತ್ತಿಗೆ ದುಂಬಿಗಳು ನೆಲದಿಂದ ಎದ್ದು ಬೇವು, ಜಾಲಿ ಮರಕ್ಕೆ ಮುತ್ತುತ್ತವೆ. ಕೊಂಬೆ ಅಲ್ಲಾಡಿಸಿ, ಬಿದ್ದದ್ದನ್ನು ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಒಬ್ಬರೇ ಮಾಡಿದರೆ ಪ್ರಯೋಜನ ಕಡಿಮೆ, ಬಯಲಿನವರೆಲ್ಲ ಸೇರಬೇಕು. ಮಕ್ಕಳಿಗೆ ಹೇಳಿ, ಲೆಕ್ಕಕ್ಕೆ ಇಷ್ಟು ಅಂತ ಚಿಲ್ಲರೆ ಕೊಡಿ, ರಾತ್ರಿ ಎಂಟಕ್ಕೆ ಬಕೆಟ್ ತುಂಬಿರುತ್ತದೆ.

ಎಷ್ಟು ಕೂಳೆ, ಆಮೇಲೆ ಏನು

ನಾನು ಎರಡಕ್ಕೆ ನಿಲ್ಲಿಸುತ್ತೇನೆ. ಆರೇಳು ಕೂಳೆ ತೆಗೆದವರೂ ಇದ್ದಾರೆ, ಅವರ ನೆಲ, ಅವರ ಆರೈಕೆ ಬೇರೆ. ಹೋದ ಸಲ ನಮ್ಮ ಎರಡನೇ ಕೂಳೆ ಎಕರೆಗೆ 41 ಟನ್ ಬಂತು. ಅದೇ ಗದ್ದೆ, ಮೊದಲು 27 ಬರುತ್ತಿದ್ದದ್ದು. ಬೆಂಕಿ ನಿಲ್ಲಿಸಿದ್ದಕ್ಕೇ ಪೂರ್ತಿ ಹೀಗಾಯಿತು ಅಂತ ಹೇಳಲಾರೆ, ಹಾರೆ, ಬುಡ ಸವರಿದ್ದು, ಸಸಿ ತುಂಬಿದ್ದು ಎಲ್ಲ ಸೇರಿದೆ. ಮತ್ತೆ ಅದು ಒಂದೇ ವರ್ಷಕ್ಕೆ ಬಂದದ್ದೂ ಅಲ್ಲ, ನಾಲ್ಕನೇ ವರ್ಷಕ್ಕೆ ಬಂತು.

ಎರಡನೇ ಕೂಳೆ ಕಡಿದ ಮೇಲೆ ಬುಡ ಕಿತ್ತು ಆಳಕ್ಕೆ ಉತ್ತು ಹಸಿರೆಲೆ ಗೊಬ್ಬರಕ್ಕೆ ಅಪ್ಸೆಣಬು ಇಲ್ಲವೇ ಡಯಂಚ ಬೀಜ ಚೆಲ್ಲಿ. ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ. ನೀರಿದ್ದರೆ ಒಂದು ಬೆಳೆ ಭತ್ತ ಮಾಡಿ, ಗದ್ದೆಯಲ್ಲಿ ನೀರು ನಿಂತರೆ ಗೊಣ್ಣೆ ಹುಳುವಿಗೂ ಉಳಿಗಾಲ ಕಡಿಮೆ. ಕಬ್ಬಿನ ಮೇಲೆ ಕಬ್ಬು ಹಾಕಬೇಡಿ.

ಮತ್ತೆ ಕಬ್ಬು ನೆಡುವಾಗ ಸಾಲು ನಾಲ್ಕು ಅಡಿಗಾದರೂ ಬಿಡಿ. ಎರಡೂವರೆ ಅಡಿಯಲ್ಲಿ ಸಾಲು ಜಾಸ್ತಿ ಕಾಣುತ್ತದೆ, ಒಳಗೆ ಗಾಳಿ ಬೆಳಕಿಲ್ಲದೆ ಅರ್ಧ ಮರಿ ಸಾಯುತ್ತವೆ, ತರಗು ಎಳೆಯಲೂ ಜಾಗ ಇರುವುದಿಲ್ಲ. ನಾಲ್ಕು ಅಡಿಗೆ ಎರಡು ಅಡಿಯಂತೆ ಟ್ರೇ ಸಸಿ ನೆಟ್ಟರೆ ಎಕರೆಗೆ 5,445 ಸಸಿ ಸಾಕು. ಬಿತ್ತನೆಯನ್ನು ಕೂಳೆ ಕಬ್ಬಿನಿಂದ ತೆಗೆಯಬೇಡಿ, ಎಷ್ಟೇ ದಪ್ಪ ಇರಲಿ. ಎಂಟರಿಂದ ಹತ್ತು ತಿಂಗಳ ತನಿ ಬೆಳೆ ನೋಡಿ, ಅದೂ ಗದ್ದೆಯೊಳಗೆ ಒಂದು ಸುತ್ತು ಹೋಗಿ ಬಂದ ಮೇಲೆ.